ಕಟ್ಟಡ ಉಳಿಸುತ್ತಿದ್ದೀರಿ, ಬಾಗಿಲನ್ನೂ ತೆರೆದಿಡಿ: ಶಿಕಾಗೋ ಸಿಟಿ ಕೌನ್ಸಿಲ್‌ಗೆ ಒಂದು ಬಹಿರಂಗ ಪತ್ರ

ಶಿಕಾಗೋ ಸಿಟಿ ಕೌನ್ಸಿಲ್‌ನ 50 ಜನ ಸದಸ್ಯರಿಗೆ, ನಗರ ಯೋಜನಾ ಇಲಾಖೆಯವರಿಗೆ, ಊರಿನ ನಡುಭಾಗವಾದ ಲೂಪ್‌ನ ಹಳೇ ಕಟ್ಟಡಗಳ ಮಾಲೀಕರಿಗೆ,

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಲಸಾಲ್ ಸ್ಟ್ರೀಟ್‌ನ ಖಾಲಿ ಬಿದ್ದ ಹಳೇ ಆಫೀಸ್ ಕಟ್ಟಡಗಳನ್ನು ಅಪಾರ್ಟ್‌ಮೆಂಟ್ ಮಾಡಲು ನೀವು ಸಾರ್ವಜನಿಕರ ದುಡ್ಡು ಕೊಡುತ್ತಿದ್ದೀರಿ. ಕೊಡಿ, ನನ್ನ ತಕರಾರಿಲ್ಲ. ಆದರೆ ಕೊಡುವಾಗ ಒಂದು ಷರತ್ತು ಹಾಕಿ. ಕೆಳಗಿನ ಲಾಬಿ ಹಗಲು ಹೊತ್ತು ದಾರಿಯಲ್ಲಿ ಹೋಗುವವರಿಗೆ ತೆರೆದಿರಬೇಕು. ಟಿಕೆಟ್ ಇರಬಾರದು, ಐಡಿ ಕಾರ್ಡ್ ಕೇಳಬಾರದು, ಯಾರನ್ನು ನೋಡಲು ಬಂದಿರಿ ಅನ್ನುವ ಪ್ರಶ್ನೆ ಇರಬಾರದು.

ಇದರ ಇಂಗ್ಲಿಷ್ ಪ್ರತಿ ನಿಮ್ಮ ಆಫೀಸಿಗೆ ಬೇರೆ ಬರುತ್ತದೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಬೆಳಿಗ್ಗೆ ನೇಪರ್‌ವಿಲ್, ಅರೋರಾ ಕಡೆಯಿಂದ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು, ಆಡಮ್ಸ್ ಸ್ಟ್ರೀಟ್ ಸೇತುವೆ ದಾಟಿ ಲೂಪ್‌ಗೆ ನಡೆಯುವವರಲ್ಲಿ ಕನ್ನಡದವರು ಕಡಿಮೆ ಏನಿಲ್ಲ. ದಿನಾ ಈ ಕಟ್ಟಡಗಳ ಪಕ್ಕದಲ್ಲೇ ಹೋಗುತ್ತೇವೆ, ಕಣ್ಣು ಫೋನಿನ ಮೇಲೆ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದರೆ ವಿಲ್ಲಿಸ್ ಟವರ್‌ನ 103ನೇ ಮಹಡಿಗೆ ಹತ್ತಿಸಿ, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಆಮೇಲೆ ಮಿಲೆನಿಯಂ ಪಾರ್ಕಿನಲ್ಲಿ ಬೀನ್ ಅನ್ನುವ ಶಿಲ್ಪದ ಮುಂದೆ ಫೋಟೋ ತೆಗೆದು, ಆಯ್ತು ಶಿಕಾಗೋ ಮುಗೀತು ಅಂತ ಮನೆಗೆ ಕರೆದುಕೊಂಡು ಹೋಗುತ್ತೇವೆ. ಆಕಾಶದೆತ್ತರದ ಕಟ್ಟಡ ಅನ್ನುವುದು ಬೆಳೆದದ್ದೇ ಈ ಊರಿನಲ್ಲಿ. ಅದು ಬೆಳೆದ ಬಗೆ ನೋಡಬೇಕೆಂದರೆ ಮೇಲೆ ಹತ್ತಬೇಕಿಲ್ಲ. ನೆಲ ಅಂತಸ್ತಿನ ಬಾಗಿಲು ತಳ್ಳಿ ಒಳಗೆ ಹೋದರೆ ಸಾಕು. ಆ ಬಾಗಿಲುಗಳ ಬಗ್ಗೆಯೇ ಈ ಪತ್ರ.

ಮೊದಲು 135 ಸೌತ್ ಲಸಾಲ್ ತೆಗೆದುಕೊಳ್ಳಿ. ಹಳಬರು ಅದನ್ನು ಫೀಲ್ಡ್ ಬಿಲ್ಡಿಂಗ್ ಅನ್ನುತ್ತಾರೆ. 1934ರಲ್ಲಿ ಮುಗಿದದ್ದು, 45 ಅಂತಸ್ತು, 535 ಅಡಿ. ಆರ್ಥಿಕ ಕುಸಿತ, ಆಮೇಲೆ ಯುದ್ಧ. ಹಾಗಾಗಿ ಇದಾದ ಮೇಲೆ 1955ರಲ್ಲಿ ಪ್ರುಡೆನ್ಷಿಯಲ್ ಬಿಲ್ಡಿಂಗ್ ಏಳುವ ತನಕ ಲೂಪ್‌ನಲ್ಲಿ ಹೇಳಿಕೊಳ್ಳುವಂಥ ಎತ್ತರದ ಆಫೀಸ್ ಕಟ್ಟಡ ಬರಲೇ ಇಲ್ಲ. ಹೊರಗಿನಿಂದ ನೋಡಿದರೆ ಬಿಳಿ ಕಲ್ಲಿನ ನೇರ ಗೆರೆಗಳು, ಅಷ್ಟೇ. ಮಜಾ ಇರುವುದು ಒಳಗೆ. ಲಾಬಿ ಲಸಾಲ್ ಸ್ಟ್ರೀಟ್‌ನಿಂದ ಶುರುವಾಗಿ ಆ ಕಡೆ ಕ್ಲಾರ್ಕ್ ಸ್ಟ್ರೀಟ್‌ವರೆಗೂ ಓಡುತ್ತದೆ. ಅಂದರೆ ಇಡೀ ಬ್ಲಾಕನ್ನು ಕಟ್ಟಡದ ಒಳಗಿಂದಲೇ ದಾಟುವ ದಾರಿ. ಜನವರಿಯ ಗಾಳಿಯಲ್ಲಿ ಲೂಪ್‌ನಲ್ಲಿ ನಡೆದವರಿಗೆ ಅಂಥ ದಾರಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಒಂದು ಪುಟ್ಟ ವಸ್ತು ಇದೆ. ಲಿಫ್ಟ್‌ಗಳು ಯಾವ ಮಹಡಿಯಲ್ಲಿವೆ ಅಂತ ತೋರಿಸುವ ಫಲಕ ಮತ್ತು ಟಪಾಲು ಪೆಟ್ಟಿಗೆ, ಎರಡನ್ನೂ ಸೇರಿಸಿ ಒಂದೇ ಲೋಹದ ಕೆಲಸ ಮಾಡಿದ್ದಾರೆ. ಅದರ ಆಕಾರ ಫೀಲ್ಡ್ ಬಿಲ್ಡಿಂಗ್‌ನದೇ! ನಡುವೆ ಎತ್ತರದ ಗೋಪುರ, ಸುತ್ತ ಕುಳ್ಳ ಗೋಪುರಗಳು. ಕಾಗದ ಹಾಕಲು ಬಂದ ಗುಮಾಸ್ತ ತಾನು ಯಾವ ಕಟ್ಟಡದಲ್ಲಿ ನಿಂತಿದ್ದೇನೆ ಅಂತ ಅಲ್ಲೇ ನೋಡಬಹುದಿತ್ತು. ಕೆಲಸಕ್ಕೆ ಬಾರದ ಶೋಕಿ ಅಂತ ಅನ್ನಬಹುದು. ಇರಲಿ. ಟಪಾಲು ಪೆಟ್ಟಿಗೆಗೂ ಇಷ್ಟು ತಲೆ ಕೆಡಿಸಿಕೊಂಡವರು ಅದನ್ನು ಮಾಡಿದ್ದು ಬಂದು ಹೋಗುವವರು ನೋಡಲಿ ಅಂತಲೇ ಅಲ್ವಾ?

ಇದೇ ಜಾಗದಲ್ಲಿ ಮೊದಲು ಇದ್ದದ್ದು ಹೋಮ್ ಇನ್ಶೂರೆನ್ಸ್ ಬಿಲ್ಡಿಂಗ್. 1885ರದು. ವಿಲಿಯಂ ಲೆ ಬ್ಯಾರನ್ ಜೆನ್ನಿ ಅನ್ನುವ ಇಂಜಿನಿಯರ್ ಕಟ್ಟಿಸಿದ್ದು. ಬರೀ 10 ಅಂತಸ್ತು, ಆಮೇಲೆ ಇನ್ನೆರಡು ಸೇರಿಸಿದರು. ಗೋಡೆಯ ಭಾರವನ್ನು ಲೋಹದ ಚೌಕಟ್ಟಿಗೆ ಹೊರಿಸಿದ ಮೊದಲ ಎತ್ತರದ ಕಟ್ಟಡ ಅಂತ ಪುಸ್ತಕಗಳಲ್ಲಿ ಓದಿರುತ್ತೀರಿ. 1931ರಲ್ಲಿ ಕೆಡವುವಾಗ ಒಂದು ಸಮಿತಿ ಮಾಡಿ, ಬಿಚ್ಚಿದ ಕಂಬಗಳನ್ನು ಪರೀಕ್ಷೆ ಮಾಡಿ, ಹೌದು ಇದೇ ಮೊದಲನೆಯದು ಅಂತ ತೀರ್ಮಾನ ಕೊಟ್ಟರು. ಜಗಳ ಇವತ್ತಿಗೂ ಮುಗಿದಿಲ್ಲ, ಅದು ಬೇರೆ ಮಾತು. ಮೊದಲನೆಯದು ಅಂತ ಸರ್ಟಿಫಿಕೇಟು ಕೊಟ್ಟು ಕೆಡವಿದರಲ್ಲ, ಅದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಫೀಲ್ಡ್ ಬಿಲ್ಡಿಂಗ್‌ನ ಸರದಿ. ಪುಣ್ಯಕ್ಕೆ ಕೆಡವುವ ಮಾತಿಲ್ಲ. ಅಲ್ಲಿದ್ದ ದೊಡ್ಡ ಬ್ಯಾಂಕು ನದಿ ದಡದ ಹೊಸ ಟವರ್‌ಗೆ ಹೋಯಿತು, ಕೊರೋನಾ ಬಂತು, ಆಫೀಸ್ ಬಾಡಿಗೆಗೆ ಕೇಳುವವರು ಇಲ್ಲವಾದರು. ಲಸಾಲ್ ಸ್ಟ್ರೀಟ್ ಉದ್ದಕ್ಕೂ ಇದೇ ಕಥೆ. 2022ರಲ್ಲಿ ನಗರದವರು ಯೋಜನೆ ತಂದರು: ಹಳೇ ಆಫೀಸುಗಳನ್ನು ಮನೆ ಮಾಡಿ, ಅದರಲ್ಲಿ ಕನಿಷ್ಠ ಶೇ. 30 ಮನೆಗಳು ಕಡಿಮೆ ಆದಾಯದವರ ಕೈಗೆ ಎಟುಕುವ ಬಾಡಿಗೆಗೆ ಇರಲಿ, ನಾವು ಟಿಫ್ ದುಡ್ಡು ಕೊಡುತ್ತೇವೆ ಅಂತ. ಲಸಾಲ್ ಸ್ಟ್ರೀಟ್ ಅಂದರೆ ಬ್ಯಾಂಕರು, ವಕೀಲರು, ಕಾಳು ಕಡ್ಡಿ ಸಟ್ಟಾ ವ್ಯಾಪಾರದವರು ಇದ್ದ ಜಾಗ. ಅಲ್ಲಿ ನರ್ಸು, ಬಸ್ ಡ್ರೈವರ್ ಮನೆ ಮಾಡುತ್ತಾರೆ ಅಂದರೆ ನನಗಂತೂ ಖುಷಿ.

ಟಿಫ್ ಅಂದರೆ ಏನು ಅಂತ ನಮ್ಮವರಿಗೆ ಎರಡು ಮಾತು. ಒಂದು ಪ್ರದೇಶವನ್ನು ಗುರುತು ಮಾಡುತ್ತಾರೆ. ಅಲ್ಲಿ ಅವತ್ತಿನ ಆಸ್ತಿ ತೆರಿಗೆ ಎಷ್ಟೋ ಅಷ್ಟು ಮಾತ್ರ ಶಾಲೆ, ಪಾರ್ಕು ಮುಂತಾದ ಮಾಮೂಲಿ ಲೆಕ್ಕಕ್ಕೆ ಹೋಗುತ್ತದೆ. ಮುಂದೆ ಆಸ್ತಿ ಬೆಲೆ ಏರಿ ಬರುವ ಹೆಚ್ಚಿನ ತೆರಿಗೆ ಬೇರೆ ಹುಂಡಿಗೆ ಬೀಳುತ್ತದೆ. ಇಲಿನಾಯ್ ಕಾನೂನಿನಲ್ಲಿ ಸಾಮಾನ್ಯವಾಗಿ 23 ವರ್ಷ ಹೀಗೆ ನಡೆಯುತ್ತದೆ. ಹುಂಡಿಯ ದುಡ್ಡನ್ನು ಅದೇ ಪ್ರದೇಶದ ಕೆಲಸಕ್ಕೆ ಬಳಸುತ್ತಾರೆ. ಹೆಸರು ಏನೇ ಇರಲಿ, ಅದು ತೆರಿಗೆ ದುಡ್ಡು. ಲಸಾಲ್ ಸ್ಟ್ರೀಟ್‌ನ ಒಂದೊಂದು ಕಟ್ಟಡಕ್ಕೂ ಅದರಿಂದ ಕೋಟಿಗಟ್ಟಲೆ ಡಾಲರ್ ಲೆಕ್ಕದಲ್ಲಿ ಮಾತಾಗುತ್ತಿದೆ. ಬಾಡಿಗೆ ಎಷ್ಟಿರಬೇಕು ಅಂತ ಷರತ್ತು ಹಾಕಲು ನಿಮಗೆ ಬರುತ್ತದೆ ಅಂದಮೇಲೆ ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು ಅಂತಲೂ ಹಾಕಬಹುದು.

ಲಾಬಿಗೆ ಯಾಕೆ ಇಷ್ಟು ರಗಳೆ ಅಂತ ಕೇಳುವವರು ಡಿಯರ್‌ಬಾರ್ನ್ ಮತ್ತು ಜಾಕ್ಸನ್ ಮೂಲೆಯ ಮೊನಾಡ್‌ನಾಕ್ ಬಿಲ್ಡಿಂಗ್‌ಗೆ ಹೋಗಬೇಕು. ನಾನು ನಮ್ಮ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ದಾವಣಗೆರೆಯವರು, ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು. ವಿಲ್ಲಿಸ್ ಟವರ್ ಮೇಲೆ ನಿಂತಾಗ "ಚೆನ್ನಾಗೈತಪ್ಪ" ಅಂದು ಸುಮ್ಮನಾಗಿದ್ದರು. ಮೊನಾಡ್‌ನಾಕ್‌ನ ಗೋಡೆ ನೋಡಿದಾಗ ಮಾತ್ರ ಕನ್ನಡಕ ಒರೆಸಿಕೊಂಡರು.

ಈ ಕಟ್ಟಡದ ಉತ್ತರದ ಅರ್ಧ 1891ರಲ್ಲಿ ಮುಗಿಯಿತು. ಬರ್ನಮ್ ಮತ್ತು ರೂಟ್ ಅನ್ನುವ ವಾಸ್ತುಶಿಲ್ಪಿಗಳ ಕೆಲಸ. ದುಡ್ಡು ಹಾಕಿದವರು ಬಾಸ್ಟನ್ನಿನ ಬ್ರೂಕ್ಸ್ ಅಣ್ಣತಮ್ಮಂದಿರು. ಅವರಿಗೆ ಅಲಂಕಾರ ಬೇಡವಾಗಿತ್ತು. ಚಾಚಿಕೊಂಡಿದ್ದು ಏನೇ ಇದ್ದರೂ ಅದರಲ್ಲಿ ಕೊಳೆ ಕೂರುತ್ತದೆ, ಪಾರಿವಾಳ ಕೂರುತ್ತದೆ ಅನ್ನುವ ಲೆಕ್ಕಾಚಾರ. ಹಾಗಾಗಿ ಬರೀ ಕಂದು ಇಟ್ಟಿಗೆ. 16 ಅಂತಸ್ತಿನ ಭಾರವನ್ನು ಇಟ್ಟಿಗೆ ಗೋಡೆಯೇ ಹೊರಬೇಕು. ಹಾಗೆ ಹೊರಬೇಕೆಂದರೆ ಬುಡದಲ್ಲಿ ಗೋಡೆ ದಪ್ಪ ಇರಬೇಕು. ಎಷ್ಟು ದಪ್ಪ? 6 ಅಡಿ. ಅಪ್ಪ ಕಿಟಕಿಯ ಸಂದಿಯಲ್ಲಿ ಕೈ ಪೂರ್ತಿ ಚಾಚಿ ಅಳೆದರು. ಆ ತುದಿ ಸಿಗಲಿಲ್ಲ. "ಇದೇನು ಗೋಡೆನೋ ಕೋಟೆನೋ" ಅಂದರು. ಆಮೇಲೆ ಅಲ್ಲೇ ನಿಂತು ನನಗೆ ಪಾಠ ಶುರು. ಎತ್ತರ ಏರಿದಷ್ಟೂ ಕೆಳಗೆ ಗೋಡೆಯೇ ಜಾಗ ತಿನ್ನುತ್ತದೆ, ಅಂಗಡಿ ಬಾಡಿಗೆಗೆ ಕೊಡುವ ಜಾಗವೇ ಉಳಿಯಲ್ಲ, ಇಟ್ಟಿಗೆಯ ಕಥೆ ಇಲ್ಲಿಗೆ ಮುಗೀತು ನೋಡು ಅಂತ. ಸರಿಯಾಗಿಯೇ ಹೇಳಿದರು. ಎರಡು ವರ್ಷ ಬಿಟ್ಟು 1893ರಲ್ಲಿ ದಕ್ಷಿಣದ ಅರ್ಧ ಕಟ್ಟಿದವರು ಹೋಲಾಬರ್ಡ್ ಮತ್ತು ರೋಶ್. ಅವರು ಉಕ್ಕಿನ ಚೌಕಟ್ಟು ಬಳಸಿದರು, ಗೋಡೆ ತೆಳ್ಳಗಾಯಿತು. ಒಂದೇ ಕಾರಿಡಾರ್‌ನಲ್ಲಿ ಜಾಕ್ಸನ್ ಕಡೆಯಿಂದ ವ್ಯಾನ್ ಬ್ಯೂರೆನ್ ಕಡೆಗೆ ನಡೆದರೆ ಇಟ್ಟಿಗೆಯ ಕಾಲದಿಂದ ಉಕ್ಕಿನ ಕಾಲಕ್ಕೆ ಬಂದುಬಿಡುತ್ತೀರಿ. ಜಾನ್ ರೂಟ್ ಇದನ್ನು ಮುಗಿದ ಮೇಲೆ ನೋಡಲಿಲ್ಲ. 1891ರ ಜನವರಿಯಲ್ಲಿ, 41ನೇ ವಯಸ್ಸಿಗೇ ತೀರಿಹೋದರು.

ಬಾಗಿಲಲ್ಲಿ ಇನ್ನೊಂದು ವಿಷಯ ಕಾಲಿಗೇ ಗೊತ್ತಾಗುತ್ತದೆ. ಬೀದಿಯಿಂದ ಒಳಗೆ ಹೋಗಲು ಮೆಟ್ಟಿಲು ಹತ್ತುವುದಿಲ್ಲ, ಇಳಿಯುತ್ತೇವೆ. ಶಿಕಾಗೋದ ನೆಲ ಮೆತ್ತನೆಯ ಜೇಡಿ, ಗಟ್ಟಿ ಬಂಡೆ 100 ಅಡಿಗಿಂತ ಕೆಳಗೆ. ಆಗಿನ ಕಾಲಕ್ಕೆ ಅಷ್ಟು ಆಳಕ್ಕೆ ಹೋಗುವುದು ಕಷ್ಟ. ಅದಕ್ಕೆ ಉಕ್ಕಿನ ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ಕಾಂಕ್ರೀಟ್ ಸುರಿದು, ತೆಪ್ಪದಂಥ ತಳಪಾಯ ಮಾಡಿದರು. ಕಟ್ಟಡ 8 ಇಂಚು ಕುಸಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ್ದರು. 1948ರ ಹೊತ್ತಿಗೆ 20 ಇಂಚು ಕುಸಿದಿತ್ತು. ಅಪ್ಪನಿಗೆ ಇದನ್ನು ಹೇಳಿದ ಮೇಲೆ ಅವರು ವಾಪಸ್ ಬಾಗಿಲಿಗೆ ಹೋಗಿ ಇನ್ನೊಂದು ಸಲ ಇಳಿದು ಬಂದರು.

ಅಷ್ಟು ಹೊತ್ತು ಅಲ್ಲಿ ತಿರುಗಾಡಿದರೂ ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಕಾರಿಡಾರ್‌ನ ಎರಡೂ ಕಡೆ ಗಾಜಿನ ಕಿಟಕಿಯ ಪುಟ್ಟ ಅಂಗಡಿಗಳು, ಕಟಿಂಗ್ ಶಾಪು, ಕಾಫಿ. ಮೆಟ್ಟಿಲ ಕಂಬಿ ಅಲ್ಯುಮಿನಿಯಂನದು. ಕಟ್ಟಡ ಕೆಲಸಕ್ಕೆ ಅಲ್ಯುಮಿನಿಯಂ ಬಳಸಿದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಈ ಕಟ್ಟಡ ಮ್ಯೂಸಿಯಂ ಏನೂ ಆಗಿಲ್ಲ. ಮೇಲೆ ಆಫೀಸುಗಳು ನಡೆಯುತ್ತವೆ, ಬಾಡಿಗೆ ಬರುತ್ತದೆ. 1979ರಲ್ಲಿ ಬಂದ ಮಾಲೀಕರು ಹಳೇ ಫೋಟೋ, ನಕ್ಷೆ ಹುಡುಕಿ, ದುಡ್ಡು ಬಂದ ಹಾಗೆ ಸ್ವಲ್ಪ ಸ್ವಲ್ಪವೇ ಹಳೇ ರೂಪಕ್ಕೆ ತಂದರು. ಕಾರಿಡಾರ್ ತೆರೆದಿಟ್ಟಿದ್ದಕ್ಕೆ ಯಾರೂ ದಿವಾಳಿಯಾಗಲಿಲ್ಲ.

ಆಡಮ್ಸ್ ಮೂಲೆಯ ರೂಕರಿ ಕೂಡ ಹಾಗೆಯೇ. 1888ರ ಕಟ್ಟಡ, ಮತ್ತೆ ಬರ್ನಮ್ ಮತ್ತು ರೂಟ್. ನಡುವೆ ಗಾಜಿನ ಚಾವಣಿಯ ಅಂಗಳ. 1905ರಿಂದ 1907ರ ನಡುವೆ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅಲ್ಲಿದ್ದ ಕಬ್ಬಿಣದ ಕಂಬಗಳಿಗೆ ಬಿಳಿ ಅಮೃತಶಿಲೆ ಹೊದಿಸಿ, ಅದರಲ್ಲಿ ಬಂಗಾರದ ಬಣ್ಣದ ಗೆರೆ ಕೊರೆಸಿದರು. ರಿಪೇರಿ ಮಾಡಿದವರು ಒಂದು ಜಾಣತನ ಮಾಡಿದ್ದಾರೆ. ಒಂದು ಕಂಬದಲ್ಲಿ ಅಮೃತಶಿಲೆಯನ್ನು ಸ್ವಲ್ಪ ತೆಗೆದು, ಒಳಗಿರುವ ರೂಟ್ ಕಾಲದ ಕಬ್ಬಿಣದ ಹೂಬಳ್ಳಿ ಕಾಣುವ ಹಾಗೆ ಬಿಟ್ಟಿದ್ದಾರೆ. ವಾರದ ದಿನ ಹೋದರೆ ನೀವೂ ನೋಡಬಹುದು. ಡಿಯರ್‌ಬಾರ್ನ್‌ನ ಮಾರ್ಕೆಟ್ ಬಿಲ್ಡಿಂಗ್‌ನಲ್ಲಿ (ಸಂತೆ ಅಂದುಕೊಳ್ಳಬೇಡಿ, ಅದು 1670ರ ದಶಕದಲ್ಲಿ ಈ ಕಡೆ ಬಂದ ಫ್ರೆಂಚ್ ಪಾದ್ರಿಯ ಹೆಸರು) ಲಾಬಿ ಸುತ್ತ ಟಿಫನಿ ಕಂಪನಿಯ ಗಾಜಿನ ಮೊಸಾಯಿಕ್ ಇದೆ. ಲಿಫ್ಟ್ ಬಾಗಿಲುಗಳ ಮೇಲೆ ಕಂಚಿನ ಮುಖಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂ ಮುಂದಿನ ಸಿಂಹಗಳನ್ನು ಮಾಡಿದ ಎಡ್ವರ್ಡ್ ಕೆಮೀಸ್.

ಆ ದಿನವೇ ಅಪ್ಪನನ್ನು ಇನ್ನೊಂದು ಹಳೇ ಕಟ್ಟಡಕ್ಕೆ ಕರೆದುಕೊಂಡು ಹೋದೆ. ಹೆಸರು ಬೇಡ. ಈಗ ಅಲ್ಲಿ ಮನೆಗಳಾಗಿವೆ. ಲಾಬಿಯ ಚಾವಣಿ ಹೊರಗಿನಿಂದ ಗಾಜಿನಲ್ಲಿ ಅರ್ಧ ಕಾಣುತ್ತದೆ. ಬಾಗಿಲು ತಳ್ಳಿ ನಾಲ್ಕು ಹೆಜ್ಜೆ ಇಟ್ಟೆವು. ಗಾರ್ಡ್ ಎದ್ದು ಬಂದರು. ರೆಸಿಡೆಂಟ್ಸ್‌ಗೆ ಮಾತ್ರ ಅಂದರು. ಬರೀ ಚಾವಣಿ ನೋಡಿ ಹೋಗುತ್ತೇವೆ ಅಂದೆ. ಆಗಲ್ಲ ಅಂದರು, ಒರಟಾಗಿ ಏನೂ ಅಲ್ಲ. ಅವರಿಗೆ ಹೇಳಿದ್ದನ್ನು ಅವರು ಮಾಡಿದರು. ಅಪ್ಪ ಮಾತ್ರ ಮುಜುಗರದಿಂದ "ಸಾರಿ, ಸಾರಿ" ಅನ್ನುತ್ತಾ ಹಿಂದೆ ಸರಿದರು. 76 ವರ್ಷದ ಮನುಷ್ಯ, ಜೀವಮಾನ ಕಟ್ಟಡ ಕಟ್ಟಿಸಿದವರು. ನನಗೆ ಸಿಟ್ಟು ಬಂದದ್ದು ಆಗ. ಆ ಕಟ್ಟಡಕ್ಕೂ ಹಳೇದು ಅನ್ನುವ ಕಾರಣಕ್ಕೇ ತೆರಿಗೆ ರಿಯಾಯಿತಿ ಸಿಕ್ಕಿದೆ ಅಂತ ಆಮೇಲೆ ಗೊತ್ತಾಗಿ ಸಿಟ್ಟು ಇನ್ನೂ ಜಾಸ್ತಿಯಾಯಿತು.

ನೀವು ಹೇಳಬಹುದು, ಕೆಡವಿಲ್ಲವಲ್ಲ, ಅಷ್ಟಾದರೂ ಸಮಾಧಾನ ಮಾಡಿಕೊಳ್ಳಿ ಅಂತ. ಈ ಊರು ಕೆಡವಿದ್ದು ನಿಜಕ್ಕೂ ಕಮ್ಮಿಯೇನಲ್ಲ. ಲೂಯಿಸ್ ಸಲ್ಲಿವನ್ ಮತ್ತು ಡ್ಯಾಂಕ್‌ಮಾರ್ ಆಡ್ಲರ್ ಅನ್ನುವ ವಾಸ್ತುಶಿಲ್ಪಿಗಳು ಕಟ್ಟಿಸಿದ್ದ ಗ್ಯಾರಿಕ್ ಥಿಯೇಟರ್ ಕಟ್ಟಡವನ್ನು 1961ರಲ್ಲಿ ಕೆಡವಿದರು. ಆ ಜಾಗದಲ್ಲಿ ಬಂದದ್ದು ಕಾರ್ ಪಾರ್ಕಿಂಗ್. ಅದೇ ಇಬ್ಬರ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡ 1972ರಲ್ಲಿ ಹೋಯಿತು. ರಿಚರ್ಡ್ ನಿಕೆಲ್ ಅನ್ನುವ ಫೋಟೋಗ್ರಾಫರ್ ಸಲ್ಲಿವನ್ ಕಟ್ಟಡಗಳ ಬೆನ್ನು ಬಿದ್ದಿದ್ದರು. ಕೆಡವಬೇಡಿ ಅಂತ ಗ್ಯಾರಿಕ್ ಮುಂದೆ ಬೋರ್ಡ್ ಹಿಡಿದು ನಿಂತವರು. ಹೋಗುವುದು ಖಾತ್ರಿಯಾದ ಮೇಲೆ, ಕೆತ್ತನೆಯ ತುಂಡುಗಳನ್ನಾದರೂ ಉಳಿಸೋಣ ಅಂತ ಒಡೆಯುತ್ತಿದ್ದ ಕಟ್ಟಡದ ಒಳಗೇ ಹೋಗಿ ಬಿಚ್ಚಿ ತರುತ್ತಿದ್ದರು. 1972ರ ಏಪ್ರಿಲ್‌ನಲ್ಲಿ ಸ್ಟಾಕ್ ಎಕ್ಸ್‌ಚೇಂಜ್ ಒಳಗೆ ಒಬ್ಬರೇ ಹೋಗಿದ್ದಾಗ ಅದು ಅವರ ಮೇಲೆಯೇ ಕುಸಿಯಿತು. ದೇಹ ಸಿಕ್ಕಿದ್ದು ಮೇ ತಿಂಗಳಲ್ಲಿ.

ಆ ಕಟ್ಟಡದ ಎರಡು ಭಾಗ ಉಳಿದಿವೆ. ಒಂದು, ಷೇರು ವ್ಯಾಪಾರ ನಡೆಯುತ್ತಿದ್ದ ಟ್ರೇಡಿಂಗ್ ರೂಮ್. ಗೋಡೆ, ಚಾವಣಿಯ ಮೇಲೆ ಬಣ್ಣದ ಅಚ್ಚಿನ ಚಿತ್ತಾರ. ಅದನ್ನು ಆರ್ಟ್ ಇನ್‌ಸ್ಟಿಟ್ಯೂಟ್ ಒಳಗೆ ಮತ್ತೆ ಜೋಡಿಸಿದ್ದಾರೆ. ನೋಡಬೇಕೆಂದರೆ ಮ್ಯೂಸಿಯಂ ಟಿಕೆಟ್ ಬೇಕು. ಇನ್ನೊಂದು, ಬಾಗಿಲ ಕಮಾನು. ಅದು ಮ್ಯೂಸಿಯಂ ಹೊರಗೆ, ಮನ್ರೋ ಮತ್ತು ಕೊಲಂಬಸ್ ಮೂಲೆಯಲ್ಲಿ ನಿಂತಿದೆ. ಯಾರು ಬೇಕಾದರೂ ಹೋಗಿ ಮುಟ್ಟಬಹುದು, ಕೆಳಗೆ ಕೂತು ತಿಂಡಿ ತಿನ್ನಬಹುದು. ಆದರೆ ಅದರ ಹಿಂದೆ ಕಟ್ಟಡವೇ ಇಲ್ಲ. ಕಟ್ಟಡ ಇದ್ದು ಒಳಗೆ ಬಿಡದಿರುವುದು, ಬಾಗಿಲಿದ್ದು ಒಳಗೇ ಇಲ್ಲದಿರುವುದು, ಇವೆರಡರ ಬದಲು ಮೂರನೆಯದೊಂದು ಫೀಲ್ಡ್ ಬಿಲ್ಡಿಂಗ್‌ನಲ್ಲಿ ಇನ್ನೂ ಸಾಧ್ಯವಿದೆ.

ಮಾಲೀಕರ ತಕರಾರು ನನಗೆ ಗೊತ್ತಿಲ್ಲದ್ದಲ್ಲ. ಮೇಲೆ ಜನ ವಾಸ ಮಾಡುತ್ತಾರೆ, ಭದ್ರತೆ ಬೇಕು. ಗಾರ್ಡ್ ಸಂಬಳ, ಇನ್ಶೂರೆನ್ಸ್, ಶುಚಿ ಮಾಡುವ ಖರ್ಚು. ಚಳಿಗಾಲದಲ್ಲಿ ಮನೆಯಿಲ್ಲದವರು ಬೆಚ್ಚಗಿರಲು ಒಳಗೆ ಬರುತ್ತಾರೆ ಅನ್ನುವುದೂ ಇದೆ. ಈ ಕೊನೆಯದನ್ನು ಯಾರೂ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿ ಮಾತ್ರ ಎಲ್ಲರಿಗೂ ಇರುತ್ತದೆ. ಮನೆಯಿಲ್ಲದವರಿಗೆ ಮನೆ ಕೊಡಿಸುವುದು ಬೇರೆಯೇ ಕೆಲಸ, ಅದನ್ನೂ ನೀವೇ ಮಾಡಬೇಕು. ಲಾಬಿಗೆ ಬೀಗ ಹಾಕಿದರೆ ಅದು ಬಗೆಹರಿಯುವುದಿಲ್ಲ. ಭದ್ರತೆಗೆ ದಾರಿ ಸುಲಭ. ಲಿಫ್ಟ್‌ಗೆ ಕಾರ್ಡ್ ಇಡಿ, ಮೆಟ್ಟಿಲಿಗೆ ಬಾಗಿಲು ಇಡಿ. ಗೆರೆಯನ್ನು ಬೀದಿ ಬಾಗಿಲಲ್ಲಿ ಎಳೆಯುವ ಬದಲು ಲಿಫ್ಟ್ ಮುಂದೆ ಎಳೆಯಿರಿ. ನಮ್ಮ ಹಳ್ಳಿ ಮನೆಗಳಲ್ಲಿ ಜಗಲಿ ಇರುವುದು ಹೀಗೆಯೇ. ದಾರಿಹೋಕ ಬಂದು ಕೂರಬಹುದು, ನಡುಮನೆಗೆ ನುಗ್ಗುವುದಿಲ್ಲ.

ಈ ಷರತ್ತು ಹೊಸದೂ ಅಲ್ಲ. ನ್ಯೂಯಾರ್ಕ್‌ನವರು 1961ರಲ್ಲೇ ನಿಯಮ ತಂದಿದ್ದರು. ಜನಕ್ಕೆ ತೆರೆದ ಜಾಗ ಬಿಡಿ, ಬದಲಿಗೆ ಜಾಸ್ತಿ ಅಂತಸ್ತು ಕಟ್ಟಿಕೊಳ್ಳಿ ಅಂತ. ಅದರಲ್ಲಿ ಮೋಸ ಮಾಡಿದವರೂ ಇದ್ದಾರೆ. ಜಾಗ ಬಿಟ್ಟ ಹಾಗೆ ಮಾಡಿ ಕುರ್ಚಿ ಇಡದವರು, ಗೇಟು ಹಾಕಿದವರು. ಅದರಿಂದ ಕಲಿಯುವುದೂ ಇದೆ. ಸಮಯ ಎಷ್ಟರಿಂದ ಎಷ್ಟರವರೆಗೆ, ದಂಡ ಎಷ್ಟು, ದೂರು ಯಾರಿಗೆ ಅನ್ನುವುದನ್ನೆಲ್ಲ ಒಪ್ಪಂದದಲ್ಲೇ ಬರೆಯಬೇಕು. ಅದೇ ನ್ಯೂಯಾರ್ಕ್‌ನಲ್ಲಿ ಬರೆಯದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ವೂಲ್ವರ್ತ್ ಬಿಲ್ಡಿಂಗ್ ನೋಡಿ. 1913ರಿಂದ 1930ರವರೆಗೆ ಜಗತ್ತಿನಲ್ಲೇ ಎತ್ತರದ ಕಟ್ಟಡ. ಲಾಬಿಯನ್ನೂ ಕಾನೂನಿನಲ್ಲಿ ಸ್ಮಾರಕ ಅಂತ ಘೋಷಿಸಿದ್ದಾರೆ. ಮೇಲಿನ ಗೋಪುರ ಕೋಟ್ಯಧೀಶರ ಮನೆಗಳಾಯಿತು. ಲಾಬಿ ನೋಡಬೇಕೆಂದರೆ ಗೈಡೆಡ್ ಟೂರ್‌ಗೆ ದುಡ್ಡು ಕಟ್ಟಿ ಹೋಗಬೇಕಾಗಿ ಬಂತು. ಸ್ಮಾರಕದ ಕಾನೂನು ಅಮೃತಶಿಲೆ ಕಾಯುತ್ತದೆ, ಬಾಗಿಲಿನ ಬಗ್ಗೆ ಅದು ಮಾತಾಡುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಟಿಫ್ ದುಡ್ಡು ಪಡೆಯುವ ಪ್ರತಿ ಹಳೇ ಕಟ್ಟಡದ ಒಪ್ಪಂದದಲ್ಲಿ, ವಾರದ ದಿನ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಮುಖ್ಯ ಲಾಬಿ ತೆರೆದಿರಬೇಕು ಅಂತ ಬರೆಯಿರಿ. ಶನಿವಾರ ಅರ್ಧ ದಿನ ಸೇರಿಸಿದರೆ ಇನ್ನೂ ಒಳ್ಳೆಯದು, ಊರಿಂದ ಬಂದ ಅಪ್ಪ ಅಮ್ಮಂದಿರನ್ನು ನಮ್ಮಂಥವರು ಕರೆದುಕೊಂಡು ಬರಲು ಆಗುವುದು ಆ ದಿನವೇ. ಫೀಲ್ಡ್ ಬಿಲ್ಡಿಂಗ್‌ನಲ್ಲಿ ಲಸಾಲ್‌ನಿಂದ ಕ್ಲಾರ್ಕ್‌ವರೆಗಿನ ದಾರಿ ಪೂರ್ತಿ ತೆರೆದಿರಲಿ, ನಡುವೆ ಗಾಜಿನ ಗೋಡೆ ಬರಬಾರದು. ಹೊರಗೆ ಬೀದಿಗೆ ಕಾಣುವ ಹಾಗೆ, ಒಳಗೆ ಬನ್ನಿ ಅನ್ನುವ ಬೋರ್ಡ್ ಇರಲಿ. ಬೋರ್ಡ್ ಇಲ್ಲದಿದ್ದರೆ ನಮ್ಮಂಥ ಸಂಕೋಚದ ಜನ ಬಾಗಿಲು ತಳ್ಳುವುದೇ ಇಲ್ಲ.

ಇನ್ನು ಓದುತ್ತಿರುವ ನಮ್ಮವರಿಗೆ. ನಗರದ ಒಳಗೆ ಮನೆ ಇರುವವರು ನಿಮ್ಮ ಆಲ್ಡರ್‌ಮನ್‌ಗೆ, ಅಂದರೆ ನಿಮ್ಮ ವಾರ್ಡಿನ ಕೌನ್ಸಿಲ್ ಸದಸ್ಯರಿಗೆ, ಒಂದು ಇಮೇಲ್ ಹಾಕಿ. ನನ್ನ ಹಾಗೆ ಹೊರಗಿನ ಊರುಗಳಲ್ಲಿ ಇರುವವರಿಗೆ ಅಲ್ಲಿ ಓಟಿಲ್ಲ, ನಿಜ. ಆದರೆ ಈ ದುಡ್ಡಿನ ತೀರ್ಮಾನಗಳು ಮೊದಲು ಕಮ್ಯುನಿಟಿ ಡೆವಲಪ್‌ಮೆಂಟ್ ಕಮಿಷನ್ ಮುಂದೆ ಬರುತ್ತವೆ, ಅದರ ಸಭೆಗಳು ಸಾರ್ವಜನಿಕವಾಗಿ ನಡೆಯುತ್ತವೆ, ಜನ ಬರೆದು ಕಳಿಸಿದ್ದನ್ನು ಓದುತ್ತಾರೆ. ದಿನಾ ಲೂಪ್‌ನಲ್ಲಿ ದುಡಿದು, ಊಟ ಮಾಡಿ, ಅಲ್ಲೇ ಸೇಲ್ಸ್ ಟ್ಯಾಕ್ಸ್ ಕಟ್ಟುವವರ ಮಾತಿಗೂ ಬೆಲೆ ಇದೆ. ಬರೆಯುವ ಮೊದಲು ಒಂದು ಮಧ್ಯಾಹ್ನ ಡಬ್ಬಿ ಊಟ ಮುಗಿಸಿ ಮೊನಾಡ್‌ನಾಕ್ ಕಾರಿಡಾರ್‌ನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಅಲ್ಲಿಂದ ಫೀಲ್ಡ್ ಬಿಲ್ಡಿಂಗ್‌ಗೆ ಐದಾರು ನಿಮಿಷದ ದಾರಿ.

ಮಾನ್ಯ ಸದಸ್ಯರೇ, ಮುಂದಿನ ಒಪ್ಪಂದದ ಕರಡಿನಲ್ಲಿ ಈ ಷರತ್ತು ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಲಿಖಿತವಾಗಿ ತಿಳಿಸಿ. ಉತ್ತರ ಇಂಗ್ಲಿಷ್‌ನಲ್ಲಿ ಇದ್ದರೂ ಪರವಾಗಿಲ್ಲ. ಅಪ್ಪನಿಗೆ ನಾನು ಓದಿ ಹೇಳುತ್ತೇನೆ.

ಇತಿ,
ಲೂಪ್‌ನಲ್ಲಿ ಕೆಲಸ ಮಾಡುವ ಒಬ್ಬ ಕನ್ನಡಿಗ